ಯೇನಾದ ಹೀಟ್ ಪಂಪು, ಹೆರ್ ಬ್ರಾಂಟರ ಸದ್ದಿನ ಪುಸ್ತಕ

ಫ್ರಾಂಕ್‌ಫರ್ಟ್‌ನಿಂದ ಯೇನಾಕ್ಕೆ

ಮೂವತ್ತನಾಲ್ಕು ವರ್ಷ ಮೈಸೂರಿನಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟಿದ್ದವನು ಜರ್ಮನಿಗೆ ಹೋಗಿ ಏನು ನೋಡಿಕೊಂಡು ಬಂದೆ ಎಂದು ಕೇಳಿದರೆ, ಸ್ವಲ್ಪ ನಾಚಿಕೆಯಿಂದಲೇ ಹೇಳಬೇಕಾಗುತ್ತದೆ: ಫ್ರಿಜ್ಜನ್ನೇ ನೋಡಿಕೊಂಡು ಬಂದೆ. ಕೋಟೆಗಳಿದ್ದವು, ಚರ್ಚುಗಳಿದ್ದವು, ಅವುಗಳ ಮುಂದೆ ನಿಂತು ಫೋಟೊ ಹೊಡೆಸಿಕೊಂಡೂ ಇದ್ದೇನೆ. ಆದರೆ ನನ್ನ ಮನಸ್ಸೆಲ್ಲ ಇದ್ದದ್ದು ನನ್ನ ತಂಗಿಯ ಮಗಳು ಸಹನಾ ಬಾಡಿಗೆಗಿರುವ ಮನೆಯ ಹಿತ್ತಿಲಲ್ಲಿ, ಒಂದು ಬೂದು ಬಣ್ಣದ ಡಬ್ಬದ ಹತ್ತಿರ.

ಸಹನಾ ಯೇನಾ ಎಂಬ ಊರಿನಲ್ಲಿ ಲೆನ್ಸುಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಗಂಡ ಪ್ರದೀಪ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಐದು ವರ್ಷದ ಮಗಳು ಆದ್ಯ. "ಮಾವ, ಅಂಗಡಿ ಮುಚ್ಚಿದ್ದೂ ಆಯ್ತು, ಇನ್ನೇನು ನೆಪ ಹೇಳ್ತೀರಿ, ಸಮ್ಮರ್‌ಗೆ ಬನ್ನಿ" ಎಂದು ಸಹನಾ ಕರೆದಿದ್ದಳು. ನಾನು ಹೊರಟಿದ್ದು ಜನವರಿಯಲ್ಲಿ. ಬೇಸಿಗೆಯಲ್ಲಿ ವೀಸಾ ಸಿಗಲಿಲ್ಲ ಎಂದು ನೆಂಟರಿಗೆಲ್ಲ ಹೇಳಿದ್ದೇನೆ. ನಿಜ ಸಂಗತಿ ಎಂದರೆ ನನಗೆ ಹಿಮ ನೋಡುವ ಆಸೆ. ಜೀವಮಾನವಿಡೀ ಫ್ರೀಜರಿನೊಳಗೆ ಕೈಯಾಡಿಸಿದವನಿಗೆ, ಫ್ರೀಜರಿನೊಳಗೇ ಒಂದು ತಿಂಗಳು ಸಂಸಾರ ಮಾಡಿ ನೋಡಬೇಕು ಅನ್ನಿಸಿತ್ತು.

ಜರ್ಮನಿಯ ರೈಲು ಗಡಿಯಾರ ನೋಡಿಕೊಂಡು ಓಡುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ನೋಡುತ್ತದೆ, ಸುಳ್ಳಲ್ಲ. ನೋಡಿ ಸುಮ್ಮನಾಗುತ್ತದೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ಕರೆದೊಯ್ಯಲು ಬಂದಿದ್ದ ಪ್ರದೀಪ, ಮುಕ್ಕಾಲು ಗಂಟೆ ತಡವಾಗಿ ಬಂದ ರೈಲಿನಲ್ಲಿ ನನ್ನನ್ನು ಕೂರಿಸಿ, ಕೈಗೆ ಕಾಫಿ ಕೊಟ್ಟು, ಆಮೇಲೆ ಮನೆಯ ಕಷ್ಟ ಹೇಳಿದ.

"ಮಾವ, ಮನೇಲಿ ಸ್ವಲ್ಪ ಟೆನ್ಷನ್ ಇದೆ. ನಮ್ಮ ಓನರ್ ಫ್ರೌ, ಅಂದ್ರೆ ಮಿಸೆಸ್, ಹೆಲ್ಬಿಗ್ ಕೆಳಗಡೆ ಇರ್ತಾರೆ, ನಾವು ಮೇಲೆ. ಅವ್ರು ಲಾಸ್ಟ್ ಅಕ್ಟೋಬರ್‌ನಲ್ಲಿ ಮನೆ ಬಿಸಿ ಮಾಡೋ ಗ್ಯಾಸ್ ಬಾಯ್ಲರ್ ತೆಗೆಸಿ ಕರೆಂಟಲ್ಲಿ ಓಡೋ ಹೀಟ್ ಪಂಪ್ ಹಾಕಿಸಿದ್ರು. ಪಕ್ಕದ ಮನೆ ಹೆರ್, ಅಂದ್ರೆ ಮಿಸ್ಟರ್, ಬ್ರಾಂಟ್, ಅದ್ರ ಸದ್ದಿಗೆ ನಿದ್ದೆ ಬರಲ್ಲ, ತೆಗೀರಿ ಅಂತಿದಾರೆ. ಜಗಳ ಹಿಂಗೇ ಮುಂದುವರೆದ್ರೆ ಮನೆ ಮಾರಿ ಮಗನ ಹತ್ರ ಹ್ಯಾಂಬರ್ಗ್‌ಗೆ ಹೋಗ್ತೀನಿ ಅಂತಿದಾರೆ ಫ್ರೌ ಹೆಲ್ಬಿಗ್."

"ಹೋದರೆ ನಿಮಗೇನಪ್ಪ?"

"ಮನೆ ಕೊಂಡ್ಕೊಂಡೋರು ತಾವೇ ಇರ್ತೀವಿ ಅಂದ್ರೆ ನಾವು ಖಾಲಿ ಮಾಡ್ಬೇಕು."

"ಬೇರೆ ಮನೆ ನೋಡಿದರಾಯಿತು."

ಪ್ರದೀಪ ನನ್ನನ್ನು ಪಾಪದವನನ್ನು ನೋಡುವಂತೆ ನೋಡಿದ. "ಮಾವ, ಯೇನಾದಲ್ಲಿ ಬಾಡಿಗೆಗೆ ವೋನುಂಗ್ ಹುಡುಕೋದು ಹುಡುಗಿ ನೋಡೋದಕ್ಕಿಂತ ಕಷ್ಟ. ಸ್ಯಾಲರಿ ಸ್ಲಿಪ್ಪು, ಫೋಟೊ, ನಾವು ಎಷ್ಟು ಒಳ್ಳೇವ್ರು ಅಂತ ಒಂದು ಲೆಟರ್ರು. ಮನೆ ನೋಡೋಕೆ ಹೋದ್ರೆ ಕ್ಯೂ ಮೆಟ್ಟಿಲವರೆಗೂ ಇರುತ್ತೆ. ಇದು ಸಿಗೋಕೆ ಒಂದು ವರ್ಷದ ಮೇಲಾಯ್ತು. ಆದ್ಯನ ಕಿಂಡರ್‌ಗಾರ್ಟನ್ ಅದೇ ಬೀದೀಲಿದೆ."

ಯೇನಾ, ಮೊದಲ ಬೆಳಗ್ಗೆ

ಎದ್ದ ಕೂಡಲೇ ನಾನು ಮಾಡಿದ ಕೆಲಸ ಕಿಟಕಿಯ ಕೆಳಗಿನ ರೇಡಿಯೇಟರನ್ನು ಮುಟ್ಟಿ ನೋಡಿದ್ದು. ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಉಗುರುಬೆಚ್ಚಗಿತ್ತು. "ಸಹನಾ, ನಿಮ್ಮ ಹೀಟರ್ ಕೆಟ್ಟಿದೆ ಕಣೇ" ಎಂದೆ.

"ಕೆಟ್ಟಿಲ್ಲ ಮಾವ, ಇದು ಇಷ್ಟೇ. ಗ್ಯಾಸ್ ಇದ್ದಾಗ ಮುಟ್ಟಿದ್ರೆ ಕೈ ಸುಡ್ತಿತ್ತು, ಆಮೇಲೆ ಆಫ್ ಆಗ್ತಿತ್ತು. ಇದು ಲೈಟಾಗಿ ಬೆಚ್ಚಗಿರುತ್ತೆ, ಆದ್ರೆ ಇಪ್ಪತ್ನಾಕು ಗಂಟೇನೂ ಇರುತ್ತೆ. ದಯವಿಟ್ಟು ನೀವೇನೂ ಮುಟ್ಬೇಡಿ."

ಮೆಕ್ಯಾನಿಕ್ಕಿಗೆ ಮುಟ್ಟಬೇಡ ಎನ್ನುವುದು ಬೆಕ್ಕಿಗೆ ಹಾಲು ನೋಡಬೇಡ ಎಂದಂತೆ. ಆದರೂ ಸುಮ್ಮನಿದ್ದೆ. ಅಷ್ಟರಲ್ಲಿ ಅವಳೇ ಹೋಗಿ ಮನೆಯ ಕಿಟಕಿಗಳನ್ನೆಲ್ಲ ಹಾರುಹೊಡೆದು ತೆರೆದಳು. ಹೊರಗೆ ಮೈನಸ್ ಆರು. ನಾನು ಹೊದ್ದಿದ್ದ ಶಾಲಿನ ಮೇಲೆ ಇನ್ನೊಂದು ಕಂಬಳಿ ಹೊದ್ದು ಮೂಲೆ ಸೇರಿದೆ. ದಿನಕ್ಕೆರಡು ಸಲ ಐದೈದು ನಿಮಿಷ ಹೀಗೆ ಗಾಳಿಯಾಡಿಸಬೇಕಂತೆ, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಬರುತ್ತದಂತೆ, ಬಾಡಿಗೆ ಕರಾರಿನಲ್ಲೇ ಬರೆದಿದೆಯಂತೆ. ಬಿಸಿಯನ್ನು ತುಪ್ಪದ ಹಾಗೆ ಚಮಚದಲ್ಲಿ ಅಳೆದು ಬಳಸುವ ಜನ, ಬೆಳಗ್ಗೆ ಎದ್ದು ಡಬ್ಬದ ಮುಚ್ಚಳವನ್ನೇ ತೆಗೆದಿಡುತ್ತಾರೆ. ನಾನು ಕಿಟಕಿ ಹಾಕಲು ಹೋದರೆ ಆದ್ಯ ಅಡ್ಡ ನಿಂತು ಜರ್ಮನ್‌ನಲ್ಲಿ ಬೈದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬೈಗುಳ ಮಾತ್ರ ಜರ್ಮನ್‌ನಲ್ಲೇ ಬರುವುದು.

ತಿಂಡಿ ತಿಂದು, ಮೈಮೇಲೆ ಸಹನಾ ಹೇರಿದಷ್ಟನ್ನೂ ಹೇರಿಕೊಂಡು, ಹಿತ್ತಿಲಿಗೆ ಇಳಿದೆ. ಹಿಮದ ನಡುವೆ ಆ ಬೂದು ಡಬ್ಬ ನಿಂತಿತ್ತು. ಮುಂದೊಂದು ಫ್ಯಾನು, ಒಳಗೊಂದು ಕಂಪ್ರೆಸರು, ಹಿಂದೆ ಎರಡು ತಾಮ್ರದ ಪೈಪು. ನನಗೆ ನಗು ಬಂತು. ಪರದೇಶದ ಜಾತ್ರೆಯಲ್ಲಿ ನಮ್ಮ ಬೀದಿಯ ಹುಡುಗ ಸಿಕ್ಕಂತಾಯಿತು.

ನಂಬದವರು ಮನೆಯಲ್ಲಿರುವ ಫ್ರಿಜ್ಜಿನ ಬೆನ್ನಿಗೆ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ನನ್ನ ಹೆಂಡತಿ ಮಳೆಗಾಲದಲ್ಲಿ ಒಣಗದ ಕಾಲುಚೀಲಗಳನ್ನು ಅಲ್ಲೇ ನೇತುಹಾಕುತ್ತಾಳೆ. ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಎತ್ತಿ ಹಿಂದಕ್ಕೆ ಎಸೆಯುತ್ತದೆ ಅಷ್ಟೆ. ಇವರು ಅದನ್ನೇ ತಿರುಗಿಸಿ ಹಾಕಿದ್ದಾರೆ. ಇಡೀ ಯೇನಾ ಊರು ಫ್ರಿಜ್ಜಿನ ಒಳಗು, ಸಹನಾಳ ಮನೆ ಫ್ರಿಜ್ಜಿನ ಬೆನ್ನು. ಮೈನಸ್ ಆರರ ಗಾಳಿಯಲ್ಲಿ ಎಂಥ ಬಿಸಿ ಎಂದು ನೀವು ಕೇಳಬಹುದು. ಇರುತ್ತದೆ. ಎಂಥ ಜಿಪುಣನ ಮನೆಯಿಂದಲೂ ಗಣೇಶನ ಚಂದಾ ಎತ್ತಿಕೊಂಡು ಬರುವ ಹುಡುಗರಿರುತ್ತಾರಲ್ಲ, ಈ ಯಂತ್ರ ಆ ಜಾತಿಯದು. ಕೊರೆಯುವ ಗಾಳಿಯ ಮುಂದೆಯೂ ರಸೀದಿ ಪುಸ್ತಕ ಹಿಡಿದು ನಿಲ್ಲುತ್ತದೆ.

ಹೀಗೆ ಮೆಚ್ಚಿಕೊಂಡು ಬಗ್ಗಿ ನೋಡುತ್ತಿರುವಾಗ ಡಬ್ಬದಿಂದ ಬುಸ್ ಎಂದು ಬಿಳಿ ಹಬೆ ಎದ್ದಿತು. ಮೂವತ್ತನಾಲ್ಕು ವರ್ಷದ ಅನುಭವ ಮರೆತು ಎರಡು ಹೆಜ್ಜೆ ಹಿಂದಕ್ಕೆ ಹಾರಿ ಹಿಮದಲ್ಲಿ ಕುಕ್ಕರಿಸಿದೆ. ಮೈಮೇಲೆ ಕಟ್ಟಿದ ಮಂಜನ್ನು ಯಂತ್ರ ತಾನೇ ಕರಗಿಸಿಕೊಳ್ಳುತ್ತಿತ್ತು, ಅಷ್ಟೆ. ಎದ್ದು ಹಿಂಬದಿ ಒರೆಸಿಕೊಳ್ಳುವಾಗ ಬೇಲಿಯಾಚೆ ಉದ್ದನೆಯ ಮುದುಕರೊಬ್ಬರು ಉಣ್ಣೆ ಟೋಪಿ ಹಾಕಿ ನಿಂತಿರುವುದು ಕಂಡಿತು. ನಾನು ಕೈಮುಗಿದೆ. ಅವರು ಗಂಭೀರವಾಗಿ ತಲೆಯಾಡಿಸಿ, ಗಡಿಯಾರ ನೋಡಿ, ಕೈಯಲ್ಲಿದ್ದ ಪುಸ್ತಕದಲ್ಲಿ ಏನೋ ಬರೆದುಕೊಂಡರು.

"ಅವರೇ ಹೆರ್ ಬ್ರಾಂಟ್" ಎಂದಳು ಸಹನಾ. "ಅದು ಲೇರ್ಮ್‌ಪ್ರೋಟೊಕೋಲ್ ಮಾವ. ಸದ್ದಿನ ಪುಸ್ತಕ. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಶುರುವಾಯ್ತು, ಯಾವಾಗ ನಿಂತಿತು, ಎಲ್ಲ ಬರೀತಾರೆ. ಕಂಪ್ಲೇಂಟ್ ಕೊಡ್ಬೇಕಾದ್ರೆ ಇಲ್ಲಿ ಎಲ್ರೂ ಹಾಗೇ ಮಾಡೋದು. ನೀವು ಬಿದ್ದ ಸದ್ದನ್ನೂ ಬರೆದಿರ್ತಾರೆ."

ನಮ್ಮ ಬೀದಿಯಲ್ಲಿ ಇಂಥ ಪುಸ್ತಕ ಇಟ್ಟರೆ ಒಂದು ಆಷಾಢ ಶುಕ್ರವಾರಕ್ಕೇ ಮುಗಿದುಹೋಗುತ್ತದೆ.

ಬೇಲಿಯ ಈಚೆ

ಮಧ್ಯಾಹ್ನ ಫ್ರೌ ಹೆಲ್ಬಿಗ್ ತಮ್ಮ ಮನೆಗೆ ಕೇಕಿಗೆ ಕರೆದರು. ಎಪ್ಪತ್ತೊಂದು ವರ್ಷದ, ಚುರುಕಾದ, ಸಣ್ಣ ಮೈಕಟ್ಟಿನ ಹೆಂಗಸು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಫ್ರಿಜ್ ಮೆಕ್ಯಾನಿಕ್ ಎಂದು ಸಹನಾ ಹೇಳಿದಾಗ ಅವರ ಕಣ್ಣು ಅರಳಿತು. ಎದ್ದು ನನಗೆ ಎರಡನೆಯ ತುಂಡು ಕೇಕು ಹಾಕಿದರು. ಅವರ ಮಾತನ್ನೆಲ್ಲ ಸಹನಾ ಕನ್ನಡಕ್ಕೆ ತಿರುಗಿಸುತ್ತಾ ಹೋದಳು.

ಹೆರ್ ಬ್ರಾಂಟ್, ಅವರ ಹೆಂಡತಿ ಇಂಗ್ರಿಡ್, ಫ್ರೌ ಹೆಲ್ಬಿಗ್ ಬಹಳ ವರ್ಷದ ಸ್ನೇಹಿತರಂತೆ. ಕಳೆದ ಮಾರ್ಚಿನಲ್ಲಿ ಇಂಗ್ರಿಡ್ ತೀರಿಕೊಂಡರು. ಅಕ್ಟೋಬರಿನಲ್ಲಿ ಹೀಟ್ ಪಂಪು ಬಂತು. ನವೆಂಬರಿನಲ್ಲಿ ಮೊದಲ ದೂರು ಬಂತು, ಅದೂ ಅಂಚೆಯಲ್ಲಿ. ಬೇಲಿಯ ಆಚೆಯಿಂದ ಈಚೆಗೆ ಕೂಗಿ ಹೇಳಬಹುದಾದ ಮಾತು ಸ್ಟಾಂಪು ಅಂಟಿಸಿಕೊಂಡು, ಊರ ಹೊರಗಿನ ಅಂಚೆ ಕೇಂದ್ರಕ್ಕೆ ಹೋಗಿ, ಮೂರು ದಿನದ ಮೇಲೆ ಪಕ್ಕದ ಮನೆಗೆ ಬಂದು ತಲುಪಿತು. ಫ್ರೌ ಹೆಲ್ಬಿಗ್ ಉತ್ತರವನ್ನೂ ಅಂಚೆಯಲ್ಲೇ ಕಳಿಸಿದರು. ಪಂಪು ಹಾಕಿದವರು ಬಂದು ಅಳೆದು, ಸದ್ದು ಕಾನೂನಿನ ಮಿತಿಯೊಳಗೇ ಇದೆ ಎಂದರು. ಕಾನೂನಿಗೆ ನಿದ್ದೆ ಬರಬಹುದು, ನನಗೆ ಬರುವುದಿಲ್ಲ ಎಂದು ಹೆರ್ ಬ್ರಾಂಟ್ ಮತ್ತೊಂದು ಕಾಗದ ಹಾಕಿದರು. ಈಗ ಮುಂದಿನ ಬುಧವಾರ ಶೀಡ್ಸ್‌ಫ್ರೌ ಬರುವವರಿದ್ದರು. ಎಂದರೆ ನಮ್ಮ ಹಳ್ಳಿಗಳಲ್ಲಿ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದ ಹಿರಿಯರಂತೆ ಒಬ್ಬರು. ಪಂಚಾಯ್ತಿ ಜರ್ಮನಿಯಲ್ಲೂ ಇದೆ, ಅಪಾಯಿಂಟ್‌ಮೆಂಟ್ ಬೇಕು ಅಷ್ಟೆ.

"ಜಗಳ ಆಡ್ಕೊಂಡು ಬದುಕೋ ವಯಸ್ಸಲ್ಲ ನಂದು ಅಂತಿದಾರೆ ಮಾವ" ಎಂದಳು ಸಹನಾ. "ಬುಧವಾರ ಬಗೆಹರೀಲಿಲ್ಲ ಅಂದ್ರೆ ಗುರುವಾರವೇ ಮನೆ ಮಾರೋಕೆ ಹೇಳ್ತಾರಂತೆ." ಇದನ್ನು ಅನುವಾದ ಮಾಡುವಾಗ ಅವಳ ಧ್ವನಿ ಸಣ್ಣದಾಯಿತು.

ನಾನು ಪ್ರದೀಪನಿಂದ ಒಂದು ಸ್ಕ್ರೂಡ್ರೈವರ್ ಇಸಿದುಕೊಂಡು ಹಿತ್ತಿಲಿಗೆ ನಡೆದೆ. ಬಿಚ್ಚಲಿಕ್ಕಲ್ಲ. ತುದಿಯನ್ನು ಯಂತ್ರಕ್ಕಿಟ್ಟು ಹಿಡಿಯನ್ನು ಕಿವಿಗಿಟ್ಟರೆ ಕಂಪ್ರೆಸರಿನ ಹೊಟ್ಟೆಯೊಳಗಿನ ಕಷ್ಟವೆಲ್ಲ ಕೇಳಿಸುತ್ತದೆ. ಡಾಕ್ಟರಿಗೆ ಸ್ಟೆತೊಸ್ಕೋಪು, ನಮಗೆ ಇದು. ಆದರೆ ಸ್ಕ್ರೂಡ್ರೈವರ್ ಕಂಡದ್ದೇ ಫ್ರೌ ಹೆಲ್ಬಿಗ್ ಚಪ್ಪಲಿಯಲ್ಲೇ ಹಿಮಕ್ಕೆ ಓಡಿಬಂದು ಗ್ಯಾರಂಟಿ, ಗ್ಯಾರಂಟಿ ಎಂದು ನನ್ನ ತೋಳು ಹಿಡಿದರು. ಪಂಪು ಹಾಕಿದ ಕಂಪನಿಯವರಲ್ಲದೆ ಬೇರೆಯವರು ಮುಟ್ಟಿದರೆ ಗ್ಯಾರಂಟಿ ಹೋಯಿತಂತೆ. ಬರಿಗಿವಿಯಲ್ಲೇ ಕೇಳಿದೆ. ಯಂತ್ರ ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ ಓಡುತ್ತಿತ್ತು. "ಇದರಲ್ಲೇನೂ ಐಬಿಲ್ಲ" ಎಂದೆ. ಕೇಕು ತಿಂದವನ ಸಾಕ್ಷಿಗೆ ಏನು ಬೆಲೆ.

ಮ್ಯೂನಿಕ್, ಶನಿವಾರ

ವಾರದ ಕೊನೆಗೆ ಮ್ಯೂನಿಕ್‌ನಲ್ಲಿರುವ ಪ್ರದೀಪನ ಸ್ನೇಹಿತ ಇಮ್ರಾನನ ಮನೆಗೆ ಹೊರಟೆವು. ಫ್ರೌ ಹೆಲ್ಬಿಗ್ ಹಿಂದಿನ ದಿನವೇ ಮಗನ ಊರಿಗೆ ಹೋಗಿದ್ದರು, ಬರುವುದು ಸೋಮವಾರ. ಹಾಗಾಗಿ ಆ ಮನೆಯಿಂದ ಕೊನೆಗೆ ಹೊರಬಿದ್ದವನು ನಾನು.

ಊರಿಗೆ ಹೊರಡುವಾಗ ನಮ್ಮ ಮನೆಯಲ್ಲೊಂದು ಕ್ರಮವಿದೆ. ನಿಮ್ಮ ಮನೆಯಲ್ಲೂ ಇರುತ್ತದೆ. ಗ್ಯಾಸು ಬಂದ್, ನಲ್ಲಿ ಬಂದ್, ಎಲ್ಲ ಸ್ವಿಚ್ಚು ಬಂದ್, ಬೀಗ ಮೂರು ಸಲ ಜಗ್ಗಿ ನೋಡುವುದು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ನಮ್ಮಪ್ಪ ನಮ್ಮ ಕಿವಿ ತಿರುಗಿಸುತ್ತಿದ್ದರು. ಆ ಸಂಸ್ಕಾರ ವಿಮಾನ ಹತ್ತಿದರೂ ಬಿಡುತ್ತದೆಯೇ? ನೆಲಮಾಳಿಗೆಯ ಬಾಗಿಲ ಪಕ್ಕ ಒಂದು ಕೆಂಪು ಸ್ವಿಚ್ಚಿತ್ತು. ಅದು ಹೀಟಿಂಗ್‌ದು ಎಂದು ಪ್ರದೀಪ ಹಿಂದೊಮ್ಮೆ ತೋರಿಸಿದ್ದ. ಎರಡು ದಿನ ನರಪಿಳ್ಳೆಯಿಲ್ಲದ ಮನೆಗೆ ಬಿಸಿ ಯಾಕೆ? ಟಕ್ ಎನಿಸಿದೆ. ಹಿತ್ತಿಲಿನ ಫ್ಯಾನು ನಿಧಾನವಾಗಿ ನಿಂತದ್ದನ್ನು ಕಣ್ಣಾರೆ ನೋಡಿ, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ರೈಲು ಹತ್ತಿದೆ. ವಾಪಸು ಬಂದಮೇಲೆ ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳುವುದೆಂದು ಗುಟ್ಟಾಗಿಟ್ಟೆ.

ಇಮ್ರಾನ್ ಭದ್ರಾವತಿಯವನು. ಕಾರು ತಯಾರಿಸುವ ಕಡೆ ಎಂಜಿನಿಯರು. ಅವನೂ ಪ್ರದೀಪನೂ ಎದುರು ಬದುರಾದರೆ ಎರಡು ಮಾತಿಗೊಂದು ಗುರು, ಮೂರು ಮಾತಿಗೊಂದು ಮಗಾ. ನನಗಾಗಿಯೇ ಅವನ ಹೆಂಡತಿ ಬಿಸಿಬೇಳೆಬಾತ್ ಮಾಡಿದ್ದಳು. ಊಟಕ್ಕೆ ಕೂತಾಗ ಮಾತು ಪಂಪಿನ ಕಡೆ ತಿರುಗಿತು.

"ಅದನ್ನ ಮಾತ್ರ ಚಳಿಗಾಲದಲ್ಲಿ ಆಫ್ ಮಾಡ್ಬಾರ್ದು ಗುರು" ಎಂದ ಇಮ್ರಾನ್. "ಮನೆ ತಣ್ಣಗಾದ್ರೆ ಮತ್ತೆ ಬೆಚ್ಚಗಾಗೋಕೆ ಒಂದಿನ ಬೇಕು. ಕೆಲವು ಮಾಡೆಲ್‌ಗಳಲ್ಲಿ ಹೊರಗಿನ ಯೂನಿಟ್ಟಲ್ಲಿ ನೀರಿರುತ್ತೆ. ಅದೇನಾದ್ರೂ ಐಸ್ ಆಯ್ತೋ, ಒಡೆದು ಮಿಷನ್ನೇ ಹೋಯ್ತು. ಅಂಕಲ್‌ಗೆ ಗೊತ್ತಿರುತ್ತಲ್ಲ."

ಅಂಕಲ್‌ಗೆ ಗೊತ್ತಿರಬೇಕಿತ್ತು. ಬಾಯಲ್ಲಿದ್ದ ತುತ್ತು ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ಮಧ್ಯಾಹ್ನ ಮ್ಯೂನಿಕ್‌ನ ಅರಮನೆಯ ಮುಂದೆ ನಿಂತ ನನ್ನ ಫೋಟೊ ನಮ್ಮ ಮನೆಯ ಷೋಕೇಸಿನಲ್ಲಿದೆ. ಬಂದವರೆಲ್ಲ ಚಳಿ ಜಾಸ್ತಿಯಿತ್ತಾ ಎಂದು ಕೇಳುತ್ತಾರೆ.

ಯೇನಾ, ಭಾನುವಾರ ಸಂಜೆ

ರೈಲಿಳಿದು ಮನೆ ತಲುಪಿದಾಗ, ಶೂ ಬಿಚ್ಚುವ ಮೊದಲೇ ನಾನು ನೆಲಮಾಳಿಗೆಯ ಬಾಗಿಲಿಗೆ ಓಡಿ ಸ್ವಿಚ್ಚು ಹಾಕಿದೆ. ಯಂತ್ರ ಮಾತಾಡಲಿಲ್ಲ. ಕಂಪ್ರೆಸರುಗಳು ಹಾಗೇ, ನಿಲ್ಲಿಸಿದ ಮೇಲೆ ಕರೆದ ಕೂಡಲೇ ಬರುವುದಿಲ್ಲ. ಆ ಕೆಲವು ನಿಮಿಷ ನನಗೆ ತಿಳಿದ ದೇವರನ್ನೆಲ್ಲ ನೆನೆದೆ, ಆ ಎರಡು ತಾಮ್ರದ ಪೈಪುಗಳನ್ನೂ ನೆನೆದೆ. ಹೊರಗೆ ಹೋಗುವುದು ಫ್ರಿಜ್ಜಿನಲ್ಲಿರುವಂಥ ಗ್ಯಾಸಿನ ಪೈಪು, ನೀರಿನದ್ದಲ್ಲ. ಒಡೆಯುವ ಜಾತಿಯಲ್ಲ. ಕೊನೆಗೆ ಫ್ಯಾನು ತಿರುಗಿತು. ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದೆ.

ಮನೆಯೊಳಗೆ ಹನ್ನೆರಡು ಡಿಗ್ರಿ. ಆದ್ಯ ಕೋಟು ಬಿಚ್ಚದೆ ಜರ್ಮನ್‌ನಲ್ಲಿ ಅತ್ತಳು. ಪ್ರದೀಪ ಫೋನು ನೋಡಿ, "ಪಂಪಿನ ಆಪ್‌ನಲ್ಲೂ ಎರಡು ದಿನ ಏನೂ ಇಲ್ಲ, ನೆಟ್‌ವರ್ಕ್ ಹೋಗಿದೆ ಅನ್ಕೊಂಡಿದ್ದೆ" ಎಂದ. ಸಹನಾ ಮಗಳನ್ನು ರಜಾಯಿಯೊಳಗೆ ತುಂಬುತ್ತಾ, "ಹೊಸಾ ಮಿಷನ್ನೇ ಹಿಂಗೆ ನಿಂತುಹೋಗುತ್ತೆ ಅಂದ್ರೆ, ಹೆರ್ ಬ್ರಾಂಟ್ ಹೇಳೋದ್ರಲ್ಲೂ ಏನೋ ಇದೆ" ಎಂದಳು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕಳ್ಳನಿಗೆ ಚೇಳು ಕುಟುಕಿದ ಹಾಗೆ ಕೂತಿದ್ದೆ. ಮೂವತ್ತನಾಲ್ಕು ವರ್ಷ ಗಿರಾಕಿಗಳ ಮನೆಗೆ ಹೋಗಿ ಯಾರ್ರೀ ಇದನ್ನ ಆಫ್ ಮಾಡಿದ್ದು ಎಂದು ಗದರಿದ ಬಾಯಿ ಇದು.

ಸೋಮವಾರ ಫ್ರೌ ಹೆಲ್ಬಿಗ್ ಬಂದು ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದರು. ಎಲ್ಲರೂ ಬೇಡವೆಂದರೂ ಹಟ ಹಿಡಿದು ಹಾಕಿಸಿದ್ದರಂತೆ ಅವರು. ಪಂಪು ಹಾಕಿಸಿ ತಾವೇ ತಪ್ಪು ಮಾಡಿದೆವೇನೋ ಎಂದರಂತೆ. ಆಗಲೂ ನಾನು ಸುಮ್ಮನಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಬುಧವಾರ, ಹತ್ತು ಗಂಟೆ

ಹತ್ತು ಗಂಟೆಗೆ ಎಂದರೆ ಹತ್ತು ಗಂಟೆಗೇ ಹೆರ್ ಬ್ರಾಂಟ್ ಬೆಲ್ ಒತ್ತಿದರು. ಕೋಟು, ಟೈ, ಕಂಕುಳಲ್ಲಿ ಪುಸ್ತಕ. ಶೀಡ್ಸ್‌ಫ್ರೌ ಅಗಲ ಮುಖದ, ನಿಧಾನದ ಹೆಂಗಸು. ಫ್ರೌ ಹೆಲ್ಬಿಗ್‌ರ ಊಟದ ಮೇಜಿನ ಸುತ್ತ ನಾವೆಲ್ಲ ಕೂತೆವು. ಜಗಳವಾದರೂ ಮೇಜಿನ ಮೇಲೆ ಕೇಕಿತ್ತು. ಹೆರ್ ಬ್ರಾಂಟ್ ಅದನ್ನು ಮುಟ್ಟಲಿಲ್ಲ.

ಅವರು ಪುಸ್ತಕ ಬಿಚ್ಚಿ ಓದತೊಡಗಿದರು. ನಮ್ಮೂರ ಪುರೋಹಿತರು ಸಂಕಲ್ಪ ಹೇಳುವಾಗಿನ ಶ್ರದ್ಧೆ. ಸಹನಾ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು. ಕಳೆದ ಶುಕ್ರವಾರದ ಲೆಕ್ಕ ಮುಗಿಯಿತು. "ಶನಿವಾರ. ಮಧ್ಯಾಹ್ನ ಎರಡು ಹತ್ತಕ್ಕೆ ಗುಂಯ್ ಅಂತ ಶುರು, ಎರಡು ಇಪ್ಪತ್ತೇಳಕ್ಕೆ ಬಂದ್. ಮೂರು ಐದಕ್ಕೆ ಶುರು, ಮೂರು ಇಪ್ಪತ್ತೆರಡಕ್ಕೆ ಬಂದ್. ಭಾನುವಾರ ಬೆಳಗ್ಗೆ ಆರು ಗಂಟೆಗೆ..."

ನಾನು ಅವಳ ಕೈ ಹಿಡಿದೆ. "ಏನು ವಾರ ಅಂದೆ?"

"ಶನಿವಾರ, ಭಾನುವಾರ."

"ಸಹನಾ, ಶನಿವಾರ ಭಾನುವಾರ ಮಿಷನ್ ಓಡಲೇ ಇಲ್ಲ."

"ಅಂದ್ರೆ?"

"ಹೊರಡುವಾಗ ಆಫ್ ಮಾಡಿದವನು ನಾನು. ಕೆಳಗಿನ ಕೆಂಪು ಸ್ವಿಚ್ಚು. ಭಾನುವಾರ ಸಂಜೆ ನಾನೇ ಹಾಕಿದೆ."

ಅವಳು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಚಿಕ್ಕವಳಿದ್ದಾಗ ಅವಳ ಸೈಕಲ್ಲನ್ನು ಬಿಚ್ಚಿ ಜೋಡಿಸಲಾಗದೆ ಕೂತಿದ್ದೆ, ಆಗ ಹೀಗೇ ನೋಡಿದ್ದಳು. "ಮಾವ, ಇದನ್ನ ಈಗ ನಾನು ಇವ್ರೆಲ್ಲರ ಮುಂದೆ ಹೇಳ್ಬೇಕಾ?"

"ಹೇಳಮ್ಮ."

ಹೇಳಿದಳು. ಎರಡು ದಿನ ತಮ್ಮ ಯಂತ್ರದ ಮೇಲೆ ನಂಬಿಕೆ ಕಳೆದುಕೊಂಡು ಕೊರಗಿದ್ದ ಫ್ರೌ ಹೆಲ್ಬಿಗ್ ನನ್ನತ್ತ ತಿರುಗಿ, ಕಣ್ಣು ಕಿರಿದು ಮಾಡಿ, ನನ್ನ ಮುಂದಿದ್ದ ಕೇಕಿನ ತಟ್ಟೆಯನ್ನು ಎರಡಂಗುಲ ತಮ್ಮ ಕಡೆ ಎಳೆದುಕೊಂಡರು. ಶೀಡ್ಸ್‌ಫ್ರೌ ಪುರಾವೆ ಕೇಳಿದರು. ಪ್ರದೀಪ ಫೋನು ತೆರೆದು ಪಂಪಿನ ಆಪ್ ತೋರಿಸಿದ. ಶನಿವಾರ ಬೆಳಗ್ಗೆಯಿಂದ ಭಾನುವಾರ ಸಂಜೆಯವರೆಗೆ ಗೆರೆ ಸಪಾಟಾಗಿ ಮಲಗಿತ್ತು. ಅವರು ಫೋನನ್ನೂ ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

ನಿಮಿಷಗಳ ಲೆಕ್ಕ ನನ್ನ ತಲೆಯಲ್ಲಿ ಆಗಲೇ ತಿರುಗುತ್ತಿತ್ತು. "ಸಹನಾ, ಇದನ್ನೂ ಹೇಳು. ಇಂಥ ಚಳಿಯಲ್ಲಿ ಈ ಪಂಪು ಬಿಡುವಿಲ್ಲದೆ ಓಡುತ್ತೆ. ಹದಿನೇಳು ನಿಮಿಷ ದುಡಿದು ಮೂವತ್ತೆಂಟು ನಿಮಿಷ ಮಲಗೋದು ಫ್ರಿಜ್ಜು. ಅವರ ಮನೆಯಲ್ಲಿ ಹಳೇ ಫ್ರಿಜ್ಜೋ ಫ್ರೀಜರ್ರೋ ಇದೆಯಾ ಕೇಳು."

ಹೆರ್ ಬ್ರಾಂಟ್ ಪುಸ್ತಕ ಮುಚ್ಚಿದರು. "ಇದೆಯಂತೆ" ಎಂದಳು ಸಹನಾ. "ಅವ್ರ ಬೆಡ್‌ರೂಮ್ ಕೆಳಗೆ, ಸೆಲ್ಲಾರ್‌ನಲ್ಲಿ."

ಹೆರ್ ಬ್ರಾಂಟರ ನೆಲಮಾಳಿಗೆ

ಎಲ್ಲರೂ ಮೆರವಣಿಗೆಯಲ್ಲಿ ಹೋದೆವು. ಕೆಳಗೆ ಒಂದು ಉದ್ದನೆಯ ಪೆಟ್ಟಿಗೆ ಫ್ರೀಜರ್, ನನ್ನ ಅಂಗಡಿಯ ವಯಸ್ಸಿನದು, ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬೆನ್ನು ನೀರಿನ ಪೈಪಿಗೆ ತಾಗಿತ್ತು. ಕಾಲಿನ ರಬ್ಬರು ಕಲ್ಲಾಗಿತ್ತು. ನಾವು ನಿಂತಿದ್ದಾಗಲೇ ಅದು ಗಂಟಲು ಸರಿಮಾಡಿಕೊಂಡು ಗುಂಯ್ ಎಂದಿತು. ಪೈಪಿಗೆ ಕೈಯಿಟ್ಟೆ, ನಡುಗುತ್ತಿತ್ತು. ಆ ಪೈಪು ನೇರ ಮೇಲಿನ ಮಲಗುವ ಕೋಣೆಯ ಗೋಡೆಗೆ ಹೋಗುತ್ತಿತ್ತು. ಹೆರ್ ಬ್ರಾಂಟರ ಕೈಯನ್ನೂ ಹಿಡಿದು ಅದರ ಮೇಲಿಡಿಸಿದೆ. ಅವರ ಮುಖ ಕೆಂಪಾಯಿತು.

"ಮೊದಲೂ ಇದು ಇಲ್ಲೇ ಇತ್ತಂತೆ ಮಾವ" ಎಂದಳು ಸಹನಾ. "ಆಗ ಇಂಗ್ರಿಡ್ ಕಿಚನ್‌ನಲ್ಲಿ ದಿನವಿಡೀ ರೇಡಿಯೊ ಹಾಕಿರ್ತಿದ್ರಂತೆ. ಮನೆಗೆ ಬೇರೆ ಸದ್ದೇ ಇಲ್ಲ ಅಂತ ಈಚೆಗೆ ಗೊತ್ತಾಗಿದ್ದಂತೆ."

ಪ್ರದೀಪನೂ ನಾನೂ ಫ್ರೀಜರನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದೆವು. ಮೂಲೆಯಲ್ಲಿದ್ದ ರಬ್ಬರ್ ಮ್ಯಾಟನ್ನು ಕತ್ತರಿಸಿ ಕಾಲುಗಳ ಕೆಳಗೆ ಕೊಟ್ಟೆ. ಇದಕ್ಕೆ ಗ್ಯಾರಂಟಿಯ ಕಾಟವಿರಲಿಲ್ಲ. ಹೆರ್ ಬ್ರಾಂಟ್ ಮೇಲೆ ಹೋಗಿ ಮಲಗುವ ಕೋಣೆಯಲ್ಲಿ ನಿಂತು ಕೇಳಿ, ಕೆಳಗಿಳಿದು ಬಂದು, ಫ್ರೌ ಹೆಲ್ಬಿಗ್‌ರ ಮುಂದೆ ನೇರವಾಗಿ ನಿಂತು ಕ್ಷಮೆ ಕೇಳಿದರು. ಶೀಡ್ಸ್‌ಫ್ರೌ ಆಗಲೇ ಫಾರ್ಮು ತೆಗೆದಿದ್ದರು. ಫಾರ್ಮು ತುಂಬದೆ ಜರ್ಮನಿಯಲ್ಲಿ ರಾಜಿಯೂ ಆಗುವುದಿಲ್ಲ. ಫ್ರೀಜರಿನ ಮುಚ್ಚಳವನ್ನೇ ಮೇಜು ಮಾಡಿಕೊಂಡು ಇಬ್ಬರೂ ಸಹಿ ಹಾಕಿದರು. ದೂರು ವಾಪಸು. ಪಂಪು ಇದ್ದಲ್ಲೇ ಇರುತ್ತದೆ. ಮನೆ ಮಾರುವ ಮಾತಿಲ್ಲ ಎಂದು ಫ್ರೌ ಹೆಲ್ಬಿಗ್ ತಾವಾಗಿಯೇ ಹೇಳಿದಾಗ ಸಹನಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಸ್ವಲ್ಪ ಹೊತ್ತು ಬಿಡಲಿಲ್ಲ.

ಸಹಿಯ ಕಾಗದ ತೆಗೆದ ಮೇಲೆ, ಒಳಗೆ ಹೇಗಿದೆ ನೋಡೋಣ ಎಂದು ಮುಚ್ಚಳ ಎತ್ತಿದೆ. ಇಡೀ ಫ್ರೀಜರು ಖಾಲಿ, ತಳದಲ್ಲಿ ಏಳೇ ಏಳು ಡಬ್ಬ. ಇಷ್ಟಕ್ಕೆ ಇಷ್ಟು ದೊಡ್ಡದು ಯಾಕೆ ಓಡಿಸುತ್ತೀರಿ ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಡಬ್ಬಗಳ ಮೇಲಿನ ಚೀಟಿ ಕಂಡಿತು. ನೀಲಿ ಶಾಯಿಯ ದುಂಡಗಿನ ಅಕ್ಷರ. ಎಲ್ಲದರ ಮೇಲೂ ಕಳೆದ ಫೆಬ್ರವರಿ, ಇಂಗ್ರಿಡ್ ತೀರಿಕೊಳ್ಳುವ ಹಿಂದಿನ ತಿಂಗಳು. ನನಗೆ ಯಾರೂ ಹೇಳಬೇಕಾಗಲಿಲ್ಲ.

ಇದು ಇನ್ನೂ ಎಷ್ಟು ವರ್ಷ ನಡೆಯುತ್ತದೆ ಎಂದು ಹೆರ್ ಬ್ರಾಂಟ್ ಕೇಳಿದರು.

ನನ್ನ ಅಂಗಡಿಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು: ಇನ್ನು ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ ಸಾರ್. ಎಷ್ಟೋ ಜನಕ್ಕೆ ಹೇಳಿದ್ದೇನೆ. ಪ್ರದೀಪನ ಸ್ಕ್ರೂಡ್ರೈವರನ್ನು ಜೇಬಿನಿಂದ ತೆಗೆದು ಕಂಪ್ರೆಸರಿಗಿಟ್ಟು ಕಿವಿಗೊಟ್ಟೆ. ಒಳಗೆ ಸವೆದುಹೋಗಿತ್ತು. ಈ ಮನುಷ್ಯನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ ಅಂತ ಹೇಳು ಸಹನಾ. ಒಂದು ವರ್ಷ ನಡೀಬಹುದು, ನಾಳೆಯೇ ನಿಲ್ಲಬಹುದು. ನಿಂತದ್ದು ಗೊತ್ತಾಗದೆ ಹೋದರೆ ಎರಡು ದಿನದಲ್ಲಿ ಎಲ್ಲ ಕರಗಿಹೋಗುತ್ತೆ."

ಸಹನಾ ತಡೆದು ತಡೆದು ಹೇಳಿದಳು. ಹೆರ್ ಬ್ರಾಂಟ್ ಡಬ್ಬಗಳನ್ನು ನೋಡುತ್ತಾ ನಿಂತರು. ನಾನು ಹೀಗೆ ಹೇಳಬಾರದಿತ್ತೇನೋ ಎಂದು ನನಗೆ ಸಂಕಟವಾಯಿತು. ಆಮೇಲೆ ಅವರು ಬಗ್ಗಿ ಒಂದು ಡಬ್ಬ ಎತ್ತಿದರು, ತೋಳಿನಿಂದ ಮಂಜು ಒರೆಸಿ ಚೀಟಿ ಓದಿದರು, ನನ್ನ ಕಡೆ ಕೈತೋರಿಸಿ ಸಹನಾಳನ್ನು ಏನೋ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಆ ಡಬ್ಬ ವಾಪಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮೂರನೆಯದನ್ನು ಓದಿ ಫ್ರೌ ಹೆಲ್ಬಿಗ್‌ರ ಕೈಗೆ ಕೊಟ್ಟರು.

"ನೀವು ಮಾಂಸ ತಿಂತೀರಾ ಅಂತ ಕೇಳಿದ್ರು ಮಾವ" ಎಂದಳು ಸಹನಾ. ಕಣ್ಣೊರೆಸಿಕೊಳ್ಳುತ್ತಿದ್ದಳು. "ಇದು ಬರೀ ಆಲೂಗಡ್ಡೆ ಸೂಪಂತೆ. ಮಧ್ಯಾಹ್ನ ಊಟಕ್ಕೆ ಎಲ್ರೂ ಇಲ್ಲೇ ಇರ್ಬೇಕಂತೆ."

ಸೂಪು ಕರಗಿ ಬಿಸಿಯಾಗಲು ಒಂದು ಗಂಟೆ ಹಿಡಿಯಿತು. ಒಂದು ಡಬ್ಬದ ಸೂಪು ಐದು ತಟ್ಟೆಗೆ ಹಂಚಿದಾಗ ಒಬ್ಬೊಬ್ಬರಿಗೆ ಬಂದದ್ದು ನಾಲ್ಕು ಚಮಚ. ಶೀಡ್ಸ್‌ಫ್ರೌ ಬೇರೆ ಅಪಾಯಿಂಟ್‌ಮೆಂಟ್ ಇದೆಯೆಂದು ಹೋಗಿದ್ದು ಒಳ್ಳೆಯದೇ ಆಯಿತು. ಮೊದಲ ಚಮಚ ಬಾಯಿಗಿಟ್ಟ ನಾನು ಸಹನಾಳ ಮುಖ ನೋಡಿದೆ, ಅವಳು ಪ್ರದೀಪನ ಮುಖ ನೋಡಿದಳು. ಫ್ರೌ ಹೆಲ್ಬಿಗ್ ಚಮಚ ಕೆಳಗಿಟ್ಟು, ಇಂಗ್ರಿಡ್ ಯಾವಾಗಲೂ ಉಪ್ಪು ಒಂದು ಹಿಡಿ ಮುಂದೆಯೇ ಎಂದರು.

ಹೌದು, ನಲವತ್ತಾರು ವರ್ಷ ಹೇಳಿದೆ, ಕೇಳಲೇ ಇಲ್ಲ ಎಂದರು ಹೆರ್ ಬ್ರಾಂಟ್. ಎಂದು, ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ತಳದಲ್ಲಿ ಅಂಟಿದ್ದನ್ನೂ ಬಳಿದು ತಮ್ಮ ತಟ್ಟೆಗೆ ಹಾಕಿಕೊಂಡರು.